ಕಣ್ಣಿಯ ಗಂಟು

ನಮ್ಮ ಸೋದರಮಾವ ಊರಿನಿಂದ ಬಂದರೆ, ಮೆಟ್ಟಿಲು ಹತ್ತುವ ಸದ್ದಿನಿಂದಲೇ ಮನೆಯವರಿಗೆಲ್ಲ ಗುರುತು ಸಿಗುತ್ತದೆ: ಒಂದು ಹೆಜ್ಜೆ ಗಟ್ಟಿ, ಒಂದು ಹೆಜ್ಜೆ ಮೆತ್ತಗೆ. ಬಲಗಾಲಿನ ಮೀನಖಂಡವಿದ್ದ ಕಡೆ ಈಗ ಬರಿಯ ಗುಳಿ. ನನಗೆ ಹನ್ನೆರಡು ವರ್ಷವಾಗಿದ್ದಾಗ, ಗದ್ದೆಯ ಕೊಯ್ಲಿನಲ್ಲಿ ಅವರಿಗೆ ಕೊಳಕುಮಂಡಲ ಕಚ್ಚಿತು. ದನ ಕಟ್ಟುವ ಕಣ್ಣಿ ತಂದು ಮೊಳಕಾಲಿನ ಕೆಳಗೆ ಬಲವಾಗಿ ಬಿಗಿದವನು ನಾನೇ. ಊರವರೆಲ್ಲ ಬೆನ್ನು ತಟ್ಟಿದರು. ಆ ಹೊಗಳಿಕೆಯನ್ನು ಮೂವತ್ತು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಕನ್ನಡದ ಮೇಷ್ಟರಿಗೆ ಶಬ್ದದ ಚಪಲ. ಆ ಹಾವಿಗೆ 'ಕೊಳಕು' ಎಂಬ ಹೆಸರೇಕೆ ಎಂದು ಅಧ್ಯಾಪಕರ ಕೊಠಡಿಯಲ್ಲಿ ಪ್ರಾಣಿಶಾಸ್ತ್ರದ ಮಿತ್ರರನ್ನು ಕೇಳಿದೆ. ಮಾಂಸವನ್ನು ಕೊಳೆಸುವುದರಿಂದ ಎಂಬುದು ನಮ್ಮೂರವರ ಅರ್ಥ.

"ಹೆಸರಿನ ವಿಚಾರ ನಿಮಗೆ ಬಿಟ್ಟದ್ದು; ಕೆಲಸದ ವಿಚಾರ ಹೇಳುತ್ತೇನೆ" ಎಂದರು ಅವರು. ವಿಷದಲ್ಲಿರುವ ಫಾಸ್ಫೋಲೈಪೇಸ್ ಎಂಬ ಕಿಣ್ವ ಸ್ನಾಯುಕೋಶದ ಪೊರೆಯನ್ನು ಸೀಳುತ್ತದಂತೆ. ಹೊರಗಿನ ಕ್ಯಾಲ್ಸಿಯಂ ಒಳಗೆ ನುಗ್ಗಿ, ಸ್ನಾಯುವಿನ ಎಳೆ ತಾನಾಗಿ ಸೆಟೆದು ತುಂಡಾಗುತ್ತದೆ. ಒಳಗಿದ್ದ ಮಯೋಗ್ಲೋಬಿನ್ ನೆತ್ತರಿಗೆ ಸೇರಿ, ಮೂತ್ರವನ್ನು ಕಪ್ಪಗೆ ಮಾಡಿ, ಮೂತ್ರಪಿಂಡವನ್ನೇ ಕೆಡಿಸಬಲ್ಲುದು. ಇನ್ನೊಂದು ಬಗೆಯ ಕಿಣ್ವ ಸಣ್ಣ ರಕ್ತನಾಳಗಳ ಗೋಡೆಯನ್ನು ಸಡಿಲಿಸುತ್ತದೆ. ಸ್ನಾಯು ಮತ್ತೆ ಚಿಗುರಬಲ್ಲುದು, ನಿಜ. ಆದರೆ ಅದಕ್ಕೆ ನೆತ್ತರು ಹರಿಯಬೇಕು. ಇಲ್ಲದಿದ್ದರೆ ಆ ಜಾಗದಲ್ಲಿ ಬರಿಯ ನಾರು ತುಂಬಿಕೊಳ್ಳುತ್ತದೆ. ಕುದುರೆಯ ನೆತ್ತರಿನಿಂದ ತೆಗೆದ ಪ್ರತಿವಿಷ ಓಡಾಡುವ ವಿಷವನ್ನು ಹಿಡಿಯುತ್ತದೆ. ಸತ್ತ ಮಾಂಸವನ್ನು ಎಬ್ಬಿಸಲಾರದು.

"ಹಾಗಾದರೆ ಹಗ್ಗ?" ಎಂದೆ.

"ಕಟ್ಟಲೇಬಾರದು. ವಿಷವನ್ನು ಒಂದೇ ಕಡೆ ಕೂಡಿಹಾಕಿ, ನೆತ್ತರನ್ನೂ ತಡೆದ ಹಾಗಾಗುತ್ತದೆ. ಕಾಲನ್ನು ಅಲುಗಾಡಿಸದೆ ಬೇಗ ಆಸ್ಪತ್ರೆಗೆ ಒಯ್ಯಬೇಕು."

ಆ ದಿನ ನನ್ನ ಪಾಠ ಸಾಗಲಿಲ್ಲ. ಕಳೆದ ವಾರ ಮಾವ ಬಂದಾಗ, ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಹಾವು ಎಷ್ಟು ತಿಂತೋ, ಕಣ್ಣಿ ಎಷ್ಟು ತಿಂತೋ, ಲೆಕ್ಕ ಇಟ್ಟವರು ಯಾರಪ್ಪ? ಮಂತ್ರ ಹಾಕಿಸೋಣ ಅಂತ ಎಲ್ಲರೂ ನಿಂತಿದ್ದಾಗ, ಆಸ್ಪತ್ರೆಗೆ ಗಾಡಿ ಹೂಡಿ ಅಂತ ಅತ್ತವನೂ ನೀನೇ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ಹುಡುಗರಿಗೆ ಇದನ್ನ ಹೇಳು" ಎಂದರು.

2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ಸುಮಾರು 12 ಲಕ್ಷ ಜನ ಸತ್ತರೆಂದು ಒಂದು ಅಂದಾಜು. ಕಾಲು ಸೊರಗಿ ಬದುಕಿದ ಮಾವನಂಥವರು ಆ ಲೆಕ್ಕಕ್ಕೆ ಸೇರಿದವರಲ್ಲ. ಮಾರನೆಯ ದಿನ ತರಗತಿಯಲ್ಲಿ ಹಳಗನ್ನಡವನ್ನು ಹತ್ತು ನಿಮಿಷ ಬದಿಗಿಟ್ಟೆ. ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬರುವ ಹುಡುಗರೇ ಹೆಚ್ಚು. ನನ್ನ ಕಣ್ಣಿಯ ಕಥೆ ಹೇಳಿದೆ. ಎಂದೂ ಇಲ್ಲದಷ್ಟು ನಿಶ್ಶಬ್ದವಾಗಿ ಕೇಳಿದರು.