ಮೂರು ಮಿಲಿಮೀಟರು

ಕಟಕೋಳದಲ್ಲಿ ಕನ್ಯಾ ನೋಡುವವರು ಬಣ್ಣ, ಎತ್ತರ, ಓದು ವಿಚಾರಿಸುವುದು ಹಳೆಯ ರೂಢಿ. ಫೋಟೋಗಳು ಮೊಬೈಲಿನಲ್ಲಿ ಓಡಾಡತೊಡಗಿದ ಮೇಲೆ ವಸಡೂ ವಿಚಾರಣೆಗೆ ಬಂತು. ನನ್ನ ತಂಗಿಯ ಮಗಳು ನಕ್ಕರೆ ಮೇಲಿನ ವಸಡು ಕಾಣುತ್ತದೆ. ಇಷ್ಟು ವರ್ಷ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಾರೋ ಬೀಗರಾಗಬೇಕೆಂದಿದ್ದವರು ಫೋಟೋವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದ್ದೇ ತಡ, ತಂಗಿಗೆ ನಿದ್ದೆ ಹಾರಿತು. "ಅಣ್ಣಾ, ಧಾರವಾಡಕ್ಕ ಕರ್ಕೊಂಡ್ ಹೋಗಿ ತೋರಿಸ್ಕೊಂಡ್ ಬಾ" ಎಂದಳು.

ಡಾಕ್ಟರು ಮೊದಲು ಹುಡುಗಿಗೆ "ಎಮ್ಮಾ ಅನ್ನು" ಎಂದರು. "ಎಮ್ಮಿ ಮನ್ಯಾಗ ಐತ್ರಿ" ಎಂದಳು ಇವಳು. ಹಾಗೆ ಅಂದು ಬಾಯಿ ಸಡಿಲ ಬಿಟ್ಟರೆ ತುಟಿ ತನ್ನ ಸಹಜ ಜಾಗಕ್ಕೆ ಬರುತ್ತದಂತೆ. ಆಗ ಮುಂದಿನ ಹಲ್ಲು ಎಷ್ಟು ಇಣುಕುತ್ತದೋ ಅದು ಮೊದಲ ಅಳತೆ. ಆಮೇಲೆ "ನಗು" ಎಂದು ಹುಕುಂ. ಕಂಡ ವಸಡು ಮೂರು ಮಿಲಿಮೀಟರು.

ನಗುವಿಗೂ ದರ್ಜೆಗಳಿವೆ ಎಂದು ತಿಳಿದದ್ದು ಅಂದೇ. 1984ರಲ್ಲಿ ತ್ಜಾನ್ ಮತ್ತು ಸಂಗಡಿಗರು ಮಾಡಿದ ವಿಂಗಡಣೆ ಇದು: ಮುಂದಿನ ಹಲ್ಲು ಮುಕ್ಕಾಲಿಗಿಂತ ಕಡಿಮೆ ಕಂಡರೆ ತಗ್ಗು ನಗು, ಅದಕ್ಕೂ ಮೇಲೆ ಕಂಡರೆ ಮಧ್ಯಮ, ಪೂರ್ತಿ ಹಲ್ಲಿನ ಜೊತೆ ವಸಡಿನ ಪಟ್ಟಿಯೂ ಕಂಡರೆ ಎತ್ತರದ ನಗು. ಎತ್ತರದ ನಗುವಿನವರು ನೂರಕ್ಕೆ ಹತ್ತು ಹನ್ನೊಂದು ಮಂದಿ. 1999ರಲ್ಲಿ ಕೊಕಿಚ್ ಮತ್ತಿತರರು ತಿದ್ದಿದ ಫೋಟೋಗಳನ್ನು ತೋರಿಸಿ ಪರೀಕ್ಷಿಸಿದಾಗ, ಹಲ್ಲಿಗೆ ತಂತಿ ಕಟ್ಟುವ ವೈದ್ಯರು 2 ಮಿಲಿಮೀಟರು ವಸಡಿಗೇ ಮೂಗು ಮುರಿದರು. ಜನಸಾಮಾನ್ಯರಿಗೆ 4 ಆಗುವವರೆಗೆ ಅದು ಕಣ್ಣಿಗೇ ಕುಕ್ಕಲಿಲ್ಲ. ನಮ್ಮ ಹುಡುಗಿ ನಡುವೆ ಸಿಕ್ಕಿಬಿದ್ದಿದ್ದಾಳೆ: ತಜ್ಞರಿಗೆ ರೋಗಿ, ಊರಿಗೆ ಚೆಲುವೆ.

ನನಗೆ ಹಾಸ್ಯನಟ ನರಸಿಂಹರಾಜು ನೆನಪಾದರು. 1954ರ 'ಬೇಡರ ಕಣ್ಣಪ್ಪ'ದಿಂದ ಶುರುವಾಗಿ ಆ ಉಬ್ಬುಹಲ್ಲು ಪರದೆಯ ಮೇಲೆ ಕಂಡರೆ ಸಾಕು, ಟಾಕೀಸಿಗೆ ಟಾಕೀಸೇ ನಗುತ್ತಿತ್ತು. ಯಾವನಾದರೂ ದಂತವೈದ್ಯ ಅದನ್ನು ನೆಟ್ಟಗೆ ಮಾಡಿದ್ದರೆ ನಿರ್ಮಾಪಕರೆಲ್ಲ ಕೂಡಿ ದಾವೆ ಹೂಡುತ್ತಿದ್ದರು. ಗಂಡಸಿನ ಹಲ್ಲಿಗೆ ಆ ರಿಯಾಯಿತಿ ಉಂಟು.

ಹುಡುಗಿಯ ವಸಡಿಗೆ ಏನು ಉಪಾಯ ಎಂದು ಡಾಕ್ಟರನ್ನು ಕೇಳಿದೆ. ಮೇಲ್ದವಡೆ ಉದ್ದವಾಗಿದ್ದರೆ ದೊಡ್ಡ ಆಪರೇಷನ್. ವಸಡು ಹಲ್ಲಿನ ಮೇಲೆ ಇಳಿದಿದ್ದರೆ ಚೂರು ಕತ್ತರಿಸಿದರಾಯಿತು. ಇವಳದು ಎರಡೂ ಅಲ್ಲ, ತುಟಿಯ ಚುರುಕು ಜಾಸ್ತಿ. ಬೊಟಾಕ್ಸ್ ಸೂಜಿ ಚುಚ್ಚಿದರೆ ಕೆಲವು ತಿಂಗಳು ಹತೋಟಿಯಲ್ಲಿರುತ್ತದೆ. "ಆಮ್ಯಾಲೆ?" ಎಂದೆ. "ಮತ್ತ ಸೂಜಿ" ಎಂದರು.

ನನಗೆ ತಿಳಿಯದ ಲೆಕ್ಕ ಇದು. ಕನ್ಯಾ ನೋಡುವ ದಿನ ಹುಡುಗಿ ತಲೆ ತಗ್ಗಿಸಿ, ಬಾಯಿ ಮುಚ್ಚಿ, ಚಹಾ ಕೊಟ್ಟು ಒಳಗೆ ಹೋಗುತ್ತಾಳೆ. ಅವಳು ತುಟಿ ಹಾರಿಸಿ ನಗುವುದು ರೊಟ್ಟಿ ಬಡಿಯುವಾಗ, ಗೆಳತಿಯರ ಜೊತೆ. ಅಲ್ಲಿಗೆ ಪಟ್ಟಿ ಹಿಡಿದು ಯಾರೂ ಬರುವುದಿಲ್ಲ. ಬಂದರೆ ಮೂರಕ್ಕಿಂತ ಹೆಚ್ಚೇ ಸಿಕ್ಕೀತು.

ಡಾಕ್ಟರು ಇನ್ನೊಂದು ಮಾತು ಹೇಳಿದರು. ವಯಸ್ಸಾದಂತೆ ತುಟಿ ಜೋತುಬೀಳುತ್ತದೆ. ಅರವತ್ತರ ಹೊತ್ತಿಗೆ ಸಡಿಲ ಬಾಯಿಯಲ್ಲಿ ಮೇಲಿನ ಹಲ್ಲು ಮರೆಯಾಗಿ ಕೆಳಗಿನವು ಕಾಣತೊಡಗುತ್ತವೆ. 1978ರಲ್ಲೇ ಅಳೆದು ನೋಡಿದ್ದಾರಂತೆ. "ಅಂದ್ರ ಪುಕ್ಕಟೆ ಆರಾಮ ಆಗತೈತಿ, ಮಾವಾ" ಎಂದಳು ಹುಡುಗಿ.

ಊರಿಗೆ ಬಂದು ತಂಗಿಗೆ ಇದನ್ನೇ ವರದಿ ಒಪ್ಪಿಸಿದೆ. "ಸ್ವಾಮಾರ ಬರಾವ್ರು ಅರವತ್ತರ ತನಕ ಪಡಸಾಲ್ಯಾಗ ಕುಂದರ್ತಾರೇನು?" ಎಂದು ಸೂಜಿಯ ರೇಟು ಕೇಳಿದಳು.