ಅವ್ವನ ಒಣಮೀನು, ಮಗಳ ಡಬ್ಬಿ ಮೀನು



ಇವತ್ತು ಹೋರಾಟದ ಸುದ್ದಿ ಬರೀತಿಲ್ಲ, ಮೀನಿನ ಸುದ್ದಿ ಬರೀತಿದ್ದೀನಿ. ಒಸಿ ಉದ್ದ ಆಗಿದೆ. ಪುರುಸೊತ್ತಾದಾಗ ಓದಿ.

ಎರಡು ತಿಂಗಳ ಹಿಂದೆ ಆಫೀಸಿನಲ್ಲಿ ಫೈಲು ನೋಡ್ತಾ ಕೂತಿದ್ದವನಿಗೆ ತಲೆಸುತ್ತು ಬಂತು. ಡಾಕ್ಟ್ರು ರಕ್ತ ಪರೀಕ್ಷೆ ಮಾಡಿಸಿದ್ರು. ಬಿ12 ಕಮ್ಮಿ, ಟ್ರೈಗ್ಲಿಸರೈಡ್ ಜಾಸ್ತಿ, ಬಿಪಿ ಗಡಿ ಹತ್ರ ನಿಂತಿದೆ ಅಂದ್ರು. "ಏನೇನು ತಿಂತೀರಿ?" ಅಂತ ಕೇಳಿದ್ರು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಯಲ್ಲಿ ಅದೇ ಚಿತ್ರಾನ್ನ, ಸಂಜೆ ಮೀಟಿಂಗ್ ಇದ್ರೆ ಟೀ, ಬೋಂಡ, ಭಾನುವಾರ ಕೋಳಿ ಅಂದೆ. "ಮೀನು ತಿನ್ನಲ್ವಾ?" ಅಂದ್ರು. ಆ ಪ್ರಶ್ನೆಗೆ ಹೌದು ಅನ್ನಕ್ಕೂ ಆಗಲಿಲ್ಲ, ಇಲ್ಲ ಅನ್ನಕ್ಕೂ ಆಗಲಿಲ್ಲ.

ನನ್ನ ಮಗಳು ಬೆಂಗಳೂರಲ್ಲಿ ನರ್ಸಿಂಗ್ ಓದ್ತಾಳೆ. ವಿಷಯ ಗೊತ್ತಾಗಿ ಮುಂದಿನ ಶನಿವಾರ ಊರಿಗೆ ಬರುವಾಗ ಬ್ಯಾಗಲ್ಲಿ ಎರಡು ಟಿನ್ನು ತಂದಳು. ಸಾರ್ಡಿನ್ ಮೀನು. "ಅಪ್ಪ, ಇದರಲ್ಲಿ ಒಮೆಗಾ-3 ಇದೆ, ಬಿ12 ಇದೆ, ಮುಳ್ಳು ಸಮೇತ ತಿನ್ನಬಹುದು, ಕ್ಯಾಲ್ಸಿಯಂ ಸಿಗುತ್ತೆ" ಅಂತ ಪಾಠ ಮಾಡ್ತಾ ಮುಚ್ಚಳ ಎಳೆದಳು. ವಾಸನೆ ಮೂಗಿಗೆ ಬಡೀತು.

ಆ ವಾಸನೆ ನಂಗೆ ಹೊಸದಲ್ಲ. ಮಳವಳ್ಳಿ ಕಡೆ ನಮ್ಮ ಕೇರಿಯ ಮನೆಯಲ್ಲಿ, ಒಲೆ ಮೇಲೆ ಅವ್ವ ಕುದಿಸ್ತಿದ್ದ ಒಣಮೀನು ಬದನೆಕಾಯಿ ಎಸ್ರಿನ ವಾಸನೆಗೆ ಅದು ತಂಗಿ ಇದ್ದಂಗಿತ್ತು.

ನಮ್ಮ ಅವ್ವ ಗದ್ದೆ ಕೂಲಿಗೆ ಹೋಗ್ತಿದ್ದಳು. ನಾಟಿ ಕಾಲದಲ್ಲಿ ಸಂಜೆ ಮನೆಗೆ ಬರುವಾಗ ಸೆರಗಿನಲ್ಲಿ ನಳ್ಳಿ ಕಟ್ಕೊಂಡು ಬರೋಳು. ಬದದ ಬಿಲಕ್ಕೆ ಕೈ ಹಾಕಿ ಹಿಡಿದ ನಳ್ಳಿ. ಬೆರಳಿಗೆ ಕಚ್ಚಿಸ್ಕೊಂಡಿರೋ ಗುರುತು ಇರ್ತಿತ್ತು. "ಗದ್ದೆ ಗೌಡ್ರುದು, ನಳ್ಳಿ ನಮ್ದು ಕಣ್ಲಾ" ಅಂತ ನಗೋಳು. ಅದರ ಸಣ್ಣ ಕಾಲುಗಳನ್ನು ಒರಳಲ್ಲಿ ಜಜ್ಜಿ, ರಸ ಸೋಸಿ, ಮೆಣಸು ಬೆಳ್ಳುಳ್ಳಿ ಅರೆದು ಹಾಕಿ ಎಸ್ರು ಮಾಡೋಳು. ನೆಗಡಿ ಕೆಮ್ಮು ಬಂದ್ರೆ ನಮ್ಮ ಕೇರಿಗೆ ಅದೇ ಮೊದಲ ಔಷಧಿ. ಗದ್ದೆ ಕೆಲಸ ಇಲ್ಲದ ತಿಂಗಳುಗಳಲ್ಲಿ ನಳ್ಳಿನೂ ಇಲ್ಲ, ಕೂಲಿನೂ ಇಲ್ಲ. ಆಗ ಒಣಮೀನು. ಮಲ್ಪೆ, ಮಂಗಳೂರು ಕಡೆಯಿಂದ ಬಂದದ್ದು ಸಂತೆಯಲ್ಲಿ ಗುಡ್ಡೆ ಹಾಕಿರ್ತಿದ್ರು. ಒಂದು ಹಿಡಿ ಒಣಸೀಗಡಿ ಇದ್ರೆ ಏಳು ಜನಕ್ಕೆ ಹಿಟ್ಟು ಇಳೀತಿತ್ತು.

ಓದಿದ್ದು ನಾನೊಬ್ಬನೇ. ಬಿ.ಎ. ಮುಗಿಸಿ ಗುಮಾಸ್ತನ ಕೆಲಸ ಸಿಕ್ತು. ಸೇರಿದ ಮೊದಲನೇ ತಿಂಗಳು ಅವ್ವ ಕಟ್ಟಿಕೊಟ್ಟ ಡಬ್ಬಿ ಆಫೀಸಿನಲ್ಲಿ ತೆಗೆದೆ. ಒಣಮೀನು ಎಸ್ರು, ಮುದ್ದೆ. ಎದುರಿಗಿದ್ದವರು ಎದ್ದು ಕಿಟಕಿ ತೆಗೆದ್ರು. ಇನ್ನೊಬ್ರು ದೇವರ ಫೋಟೋ ಹತ್ರ ಇದ್ದ ಊದುಬತ್ತಿ ಹಚ್ಚಿದ್ರು. ಯಾರೂ ಒಂದು ಮಾತು ಆಡಲಿಲ್ಲ. ಬೈದಿದ್ರೆ ನಾನೂ ಏನಾದ್ರೂ ಅಂತಿದ್ದೆ. ಊದುಬತ್ತಿಗೆ ಏನಂತ ಉತ್ತರ ಕೊಡೋದು? ಮಾರನೇ ದಿನದಿಂದ ನನ್ನ ಡಬ್ಬಿಯಲ್ಲಿ ಚಿತ್ರಾನ್ನ.

ಆಮೇಲೆ ಮಂಡ್ಯದಲ್ಲಿ ಬಾಡಿಗೆ ಮನೆ ಹುಡುಕಿದಾಗ ಓನರು "ನೀವು ಎನ್.ವಿ. ತಿಂತೀರಾ?" ಅಂತ ಕೇಳಿದ್ರು. ಅದು ಊಟದ ಪ್ರಶ್ನೆ ಅಲ್ಲ ಅಂತ ನಿಮಗೂ ಗೊತ್ತು, ನಂಗೂ ಗೊತ್ತಿತ್ತು. "ಇಲ್ಲ ಸಾರ್" ಅಂದೆ. ಒಂದ್ಸಲ ಅವ್ವ ಊರಿಂದ ಬಂದಳು, ಟವೆಲಿನಲ್ಲಿ ಒಣಮೀನು ಕಟ್ಕೊಂಡು. "ಇಲ್ಲಿ ಬೇಯಿಸಬ್ಯಾಡ ಅವ್ವ, ಮೇಲ್ಗಡೆ ಓನರ್ ಅವ್ರೆ" ಅಂದೆ. "ಬುಡ್ಲಾ ಮಗ, ನಾ ಮಾಡಾಕಿಲ್ಲ" ಅಂದಳು. ಮೂರು ದಿನ ಇದ್ದು ಆ ಗಂಟನ್ನ ಹಂಗೇ ತಗೊಂಡು ಊರಿಗೆ ಹೋದಳು. ಈಗ ಅವ್ವ ಇಲ್ಲ.

ಇಷ್ಟಾದ್ಮೇಲೂ ವೇದಿಕೆ ಮೇಲೆ ನಾನು ಆಹಾರದ ಹಕ್ಕಿನ ಬಗ್ಗೆ ಮಾತಾಡ್ತಾ ಬಂದೆ. 2024ರ ಡಿಸೆಂಬರ್ 20ರಿಂದ 22ರವರೆಗೆ ನಮ್ಮ ಮಂಡ್ಯದಲ್ಲೇ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೀತು. ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದಾಗ ಬಾಡೂಟ ಬೇಕು ಅಂತ ಜಿಲ್ಲೆಯ ಸಂಗಾತಿಗಳು ದನಿ ಎತ್ತಿದ್ದು ನಿಮಗೆಲ್ಲ ನೆನಪಿದೆ. ನಾನೂ ಕೂಗಿದೆ. ಕೂಗಿ ಬಂದು ಮಧ್ಯಾಹ್ನ ಆಫೀಸಿನಲ್ಲಿ ಚಿತ್ರಾನ್ನದ ಡಬ್ಬಿ ತೆಗೆದೆ. ಇದನ್ನ ಇಲ್ಲೀವರೆಗೆ ಯಾರಿಗೂ ಹೇಳಿರಲಿಲ್ಲ. ಅದಕ್ಕೇ ಇವತ್ತು ಬರೀತಿರೋದು.

ಮಗಳು ತಂದ ಟಿನ್ನಿನ ಕಥೆಗೆ ಬರ್ತೀನಿ. ಅವಳು ಹೋದ ಮೇಲೆ ಕೂತು ಓದಿದೆ. ಸಾರ್ಡಿನ್ ಅಂದ್ರೆ ನಮ್ಮ ಕರಾವಳಿಯವರ ಬೂತಾಯಿ ಜಾತಿಯ ಮೀನು. ಮಂಗಳೂರಿನಲ್ಲಿ ದಿನಗೂಲಿಯವರ ಊಟದ ಮೀನು ಅದು. ಇನ್ನು ಡಬ್ಬಿ ಮೀನು ಹುಟ್ಟಿದ್ದು ಶ್ರೀಮಂತರ ಆರೋಗ್ಯಕ್ಕಲ್ಲ. ನೆಪೋಲಿಯನ್ ಕಾಲದಲ್ಲಿ ಸೈನಿಕರ ಊಟ ಕೆಡದ ಹಾಗೆ ಇಡೋ ದಾರಿ ಹುಡುಕ್ತಿದ್ದಾಗ ನಿಕೊಲಾ ಅಪೇರ್ ಅನ್ನೋ ಫ್ರಾನ್ಸಿನ ಅಡುಗೆಯವನು ಗಾಜಿನ ಬಾಟಲಿಯಲ್ಲಿ ಮುಚ್ಚಿ ಬೇಯಿಸುವ ವಿಧಾನ ಕಂಡುಹಿಡಿದ. 1810ರಲ್ಲಿ ಅವನಿಗೆ 12,000 ಫ್ರಾಂಕ್ ಬಹುಮಾನ ಸಿಕ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ತಗಡಿನ ಡಬ್ಬಿಗೂ ಪೇಟೆಂಟ್ ಆಯ್ತು. ಮೀನು ಸಿಗದ ದಿನಕ್ಕೆ ಮೀನು ಉಳಿಸಿಕೊಳ್ಳೋ ಉಪಾಯ ಅದು. ಅವ್ರು ಡಬ್ಬಿಗೆ ತುಂಬಿದ್ರು, ನಮ್ಮವರು ಉಪ್ಪು ಹಾಕಿ ಬಿಸಿಲಿಗೆ ಹಾಕಿದ್ರು. ಒಂದಕ್ಕೆ ಸೂಪರ್ ಮಾರ್ಕೆಟ್ ಕಪಾಟು ಸಿಕ್ತು, ಇನ್ನೊಂದಕ್ಕೆ ಊದುಬತ್ತಿ ಸಿಕ್ತು.

ಆರೋಗ್ಯದ ಲೆಕ್ಕ ಏನು ಅಂತ ಕೇಳೋರಿಗೆ ನಾನು ತಿಳ್ಕೊಂಡಿದ್ದು ಹೇಳ್ತೀನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರ ಮಾರ್ಗಸೂಚಿ ವಾರಕ್ಕೆ 100ರಿಂದ 200 ಗ್ರಾಂ ಮೀನು ತಿನ್ನಿ, ಮಾಂಸಕ್ಕಿಂತ ಅದು ಮೇಲು ಅನ್ನುತ್ತೆ. ಬೂತಾಯಿ, ಬಂಗುಡೆ ಥರದ ಎಣ್ಣೆ ಇರೋ ಮೀನಲ್ಲಿ ಹೃದಯಕ್ಕೆ ಬೇಕಾದ ಕೊಬ್ಬು ಇದೆ. ಬಿ12 ಸೊಪ್ಪು ಕಾಳಿನಲ್ಲಿ ಸಿಗಲ್ಲ. ಮೀನು, ಮೊಟ್ಟೆ, ಬಾಡು, ಹಾಲಿನಲ್ಲೇ ಸಿಗಬೇಕು. ಡಬ್ಬಿ ಮೀನಿನ ಮುಳ್ಳು ಕುಕ್ಕರಿನ ಥರ ಒತ್ತಡದಲ್ಲಿ ಬೆಂದು ಮೆತ್ತಗಾಗಿರುತ್ತೆ, ಹಂಗೇ ಅಗೀಬಹುದು. ನಮ್ಮ ಸಣ್ಣ ಒಣಮೀನನ್ನೂ ಮುಳ್ಳು ಸಮೇತ ತಿಂತೀವಿ, ಅಲ್ಲೂ ಕ್ಯಾಲ್ಸಿಯಂ ಇದೆ. ಜೊತೆಗೆ ರಾಗಿ ಮುದ್ದೆ ಇದ್ರೆ ಕೇಳೋದೇ ಬೇಡ. ನಳ್ಳಿ, ಸೀಗಡಿಯಲ್ಲಿ ಸತು ಇದೆ, ಕೊಬ್ಬು ಕಮ್ಮಿ.

ನಮ್ಮದು ಅಂತ ಕಣ್ಣು ಮುಚ್ಕೊಂಡು ಹೊಗಳಲ್ಲ. ಒಣಮೀನಲ್ಲಿ ಉಪ್ಪು ಬಹಳ. ದಿನಕ್ಕೆ ಎಲ್ಲ ಊಟ ಸೇರಿ 5 ಗ್ರಾಂಗಿಂತ ಕಮ್ಮಿ ಉಪ್ಪು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಕೇರಿಗಳಲ್ಲಿ ಬಿಪಿ, ಪಾರ್ಶ್ವವಾಯು ಎಷ್ಟಿದೆ ಅಂತ ನೋಡಿದ್ದೀರಿ. ಅದಕ್ಕೆ ಬಿಸಿನೀರಲ್ಲಿ ನೆನೆಸಿ, ಎರಡು ಸಲ ನೀರು ಚೆಲ್ಲಿ ಆಮೇಲೆ ಬೇಯಿಸಿ. ಎಸ್ರಿಗೆ ಬೇರೆ ಉಪ್ಪು ಹಾಕಬೇಡಿ. ದಿನಾ ಬೇಡ, ವಾರಕ್ಕೊಂದು ಸಲ ಸಾಕು. ಉಪ್ಪಿನಕಾಯಿ, ಹಪ್ಪಳದಲ್ಲೂ ಉಪ್ಪು ಇದೆ ಅನ್ನೋದನ್ನ ಊದುಬತ್ತಿ ಹಚ್ಚೋರಿಗೂ ಹೇಳಿ. ಟಿನ್ನು ತಗೊಂಡ್ರೆ ಉಬ್ಬಿರೋದು, ಸೋರಿರೋದು ಬೇಡ. ಉಪ್ಪುನೀರಲ್ಲಿರೋದಾದ್ರೆ ನೀರು ಸೋಸಿ ತೊಳೀರಿ. ತೆಗೆದ ಮೇಲೆ ಬೇರೆ ಪಾತ್ರೆಗೆ ಹಾಕಿ ಫ್ರಿಜ್ಜಲ್ಲಿಟ್ಟು ಎರಡು ದಿನದಲ್ಲಿ ಮುಗಿಸಿ. ನಳ್ಳಿ ಮಾತ್ರ ಚೆನ್ನಾಗಿ ಬೇಯಲೇಬೇಕು. ಅರೆಬೆಂದ ನಳ್ಳಿಯಿಂದ ಶ್ವಾಸಕೋಶಕ್ಕೆ ಹುಳ ಸೇರಬಹುದು. ಸೀಗಡಿ ನಳ್ಳಿ ತಿಂದು ಮೈ ತುರಿಸೋರು, ಯೂರಿಕ್ ಆಸಿಡ್ ಇರೋರು ಡಾಕ್ಟ್ರನ್ನ ಕೇಳಿ.

ಈಗ ನಳ್ಳಿ ಸಿಗೋದೇ ಕಷ್ಟ. ಗದ್ದೆಗೆ ಹೊಡಿಯೋ ಔಷಧಿ ಬಿಲದವರೆಗೆ ಇಳಿದಿದೆ. ಬದ ಇದೆ, ನಾಲೆ ನೀರು ಬರುತ್ತೆ, ಬಿಲ ಖಾಲಿ. ಜಮೀನಿಲ್ಲದವರಿಗೆ ದುಡ್ಡಿಲ್ಲದೆ ಸಿಗ್ತಿದ್ದ ಪೌಷ್ಟಿಕ ಆಹಾರ ಹಂಗೆ ಹೋಯ್ತು. ಅದರ ಜಾಗಕ್ಕೆ ಐದು ರೂಪಾಯಿ ಕುರುಕಲು ಪೊಟ್ಟಣ ಬಂದಿದೆ. ಟಿನ್ ಮೀನು ಇನ್ನೂರು ರೂಪಾಯಿ ದಾಟುತ್ತೆ, ನಮ್ಮ ಕೂಲಿಯವರಿಗೆ ಎಲ್ಲಿಂದ? ಒಣಮೀನೇ ಗತಿ, ಅದನ್ನೂ ನಾಚಿಕೆಯಿಂದ ಬಿಡಿಸಿದ್ರೆ ತಟ್ಟೆಯಲ್ಲಿ ಉಳಿಯೋದು ಅನ್ನ ನೀರುಸಾರು.

ಮೊನ್ನೆ ಮದ್ದೂರಿಗೆ ಮೀಟಿಂಗಿಗೆ ಹೋದವನು ಹಂಗೇ ಕೊಕ್ಕರೆ ಬೆಳ್ಳೂರಿಗೆ ಹೋಗಿದ್ದೆ. ಮರದ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಮರದ ಕೆಳಗೆಲ್ಲ ಮೀನಿನ ವಾಸನೆ. ಆ ಊರಿನವರು ತಲೆತಲಾಂತರದಿಂದ ಆ ಹಕ್ಕಿಗಳನ್ನ ಮನೆ ಮಕ್ಕಳ ಥರ ಕಾಪಾಡಿಕೊಂಡು ಬಂದಿದ್ದಾರೆ. ಕಾರಲ್ಲಿ ಬಂದೋರು ಕ್ಯಾಮೆರಾ ಹಿಡಿದು ನಿಂತಿದ್ರು, ಒಬ್ಬರೂ ಮೂಗು ಮುಚ್ಕೊಂಡಿರಲಿಲ್ಲ. ನಂಗೆ ಅವ್ವನ ಟವೆಲಿನ ಗಂಟು ನೆನಪಾಯ್ತು. ಬರ್ತಾ ಮದ್ದೂರಲ್ಲಿ ಎಲ್ಲರೂ ವಡೆ ಕಟ್ಟಿಸ್ಕೊಂಡ್ರು, ನಾನು ಕಾಲು ಕೆಜಿ ಒಣಮೀನು ಕಟ್ಟಿಸ್ಕೊಂಡೆ.

ಸೋಮವಾರ ಡಬ್ಬಿ ತೆಗೆದೆ. ಸುಳ್ಳು ಯಾಕೆ ಹೇಳಲಿ, ಕೈ ನಡುಗ್ತು. ಇಪ್ಪತ್ತು ವರ್ಷ ಸರ್ವಿಸ್ ಆದವನಿಗೆ ಒಂದು ಮುಚ್ಚಳ ತೆಗೆಯಕ್ಕೆ ಧೈರ್ಯ ಬೇಕಾಯ್ತು. ಒಬ್ರು ತಟ್ಟೆ ಎತ್ಕೊಂಡು ಪಕ್ಕದ ರೂಮಿಗೆ ಹೋದ್ರು. ಹೋಗಲಿ. ಆಫೀಸು ಗುಡಿಸೋ ಅಕ್ಕ ಬಾಗಿಲ ಹತ್ರ ನಿಂತು, "ಅಣ್ಣ, ಒಣಮೀನಾ? ಎಲ್ಲಿ ತಂದ್ರಿ?" ಅಂದ್ಲು. "ಬಾ ಅಕ್ಕ, ಉಣ್ಣು" ಅಂದೆ. "ನಂದೂ ಅದೇಯ ಕಣಣ್ಣ. ನಾನು ರೆಕಾರ್ಡ್ ರೂಮಿನ ಹಿಂದ್ಗಡೆ ಕೂತ್ಕೊಂಡು ಉಣ್ತೀನಿ" ಅಂದ್ಲು.

ಎಷ್ಟು ವರ್ಷದಿಂದ ಅಂತ ಕೇಳಿದೆ. ಹನ್ನೊಂದು ವರ್ಷ ಅಂದ್ಲು. ನಾನು ಟೇಬಲ್ ಹತ್ರ ಚಿತ್ರಾನ್ನ ತಿಂತಿದ್ದ ಅಷ್ಟೂ ದಿನ, ಗೋಡೆ ಆಚೆ ಅವಳು ಒಬ್ಬಳೇ ಉಣ್ತಿದ್ದಳು. ನಾನು ಮೊದಲೇ ಡಬ್ಬಿ ತೆಗೆದಿದ್ರೆ ಅವಳು ಅಷ್ಟು ವರ್ಷ ಅಲ್ಲಿ ಕೂರ್ತಿರಲಿಲ್ಲವೇನೋ.

ಈಗ ವಾರಕ್ಕೊಂದು ದಿನ ಇಬ್ಬರೂ ಒಂದೇ ಟೇಬಲ್ಲಲ್ಲಿ ಕೂರ್ತೀವಿ. ಮಿಕ್ಕ ದಿನ ಮೊಟ್ಟೆ, ಸೊಪ್ಪು, ಕಾಳು. ಮುಂದಿನ ತಿಂಗಳು ರಕ್ತ ಪರೀಕ್ಷೆ ಇದೆ. ರಿಪೋರ್ಟ್ ಏನು ಬರುತ್ತೋ ಬರಲಿ.

ನಿಮ್ಮ ಡಬ್ಬಿಯಲ್ಲಿ ಏನಿದೆ, ಯಾರ ಎದುರಿಗೆ ತೆಗೀತೀರಿ, ಯಾರ ಎದುರಿಗೆ ತೆಗೆಯಲ್ಲ, ಕಾಮೆಂಟಲ್ಲಿ ಬರೀರಿ. ಬಚ್ಚಿಟ್ಟು ಉಣ್ಣೋ ಅಕ್ಕ, ತಮ್ಮ ಯಾರಾದ್ರೂ ನಿಮ್ಮ ಆಫೀಸಿನಲ್ಲೂ ಇರಬಹುದು. ನಾಳೆ ಮಧ್ಯಾಹ್ನ ಹೋಗಿ ಕರೀರಿ.

ಜೈಭೀಮ್.