ಎರಡು ಮಲ್ಲೇಶ್ವರಗಳ ನಡುವೆ ಸಂಸೆ

ಕಳಸದ ಕಳಸೇಶ್ವರನ ದರ್ಶನಕ್ಕೂ ಹೊರನಾಡಿನ ಅನ್ನಪೂರ್ಣೆಯ ಪ್ರಸಾದಕ್ಕೂ ಬರುವ ಯಾತ್ರಿಕರಲ್ಲಿ ಬಹುಮಂದಿ ಸಂಸೆಯಲ್ಲಿ ಇಳಿಯದೆಯೇ ಹಿಂದಿರುಗುವರು. ಹೆಸರುಗೊಂಡ ಪೇಟೆಯೇನೂ ಅಲ್ಲಿಲ್ಲ. ಕಳಸದಿಂದ ಕುದುರೆಮುಖದ ರಸ್ತೆ ಹಿಡಿದು ಕೆಲವೇ ಮೈಲಿ ಸಾಗಿದರೆ, ಕಾಫಿ ಮತ್ತು ಅಡಕೆಯ ತೋಟಗಳ ನೆರಳು ಹಿಂದೆ ಸರಿದು, ಗುಡ್ಡದ ಮೈಮೇಲೆ ಹಾಸಿದ ಜಮಖಾನದಂತೆ ಚಹದ ತೋಟ ಕಣ್ಣಿಗೆ ಬೀಳುವುದು. ಕಾಫಿಯ ಸೀಮೆಯಲ್ಲಿ ಚಹವನ್ನು ಕಾಣುವುದೇ ಒಂದು ಸೋಜಿಗ. ಅದರಾಚೆ, ಆರು ಸಾವಿರ ಅಡಿಗಳಿಗೂ ಮೀರಿದ ಎತ್ತರದಲ್ಲಿ, ಮಂಜು ಮುಸುಕಿದ ಕುದುರೆಮುಖದ ಶಿಖರ.

ಇಂತಹ ಊರನ್ನು ಕುರಿತು ಬರೆಯಹೊರಟವನು ನಗರಗಳ ಮಾತನ್ನು ಎತ್ತುವುದೇಕೆಂದು ವಾಚಕರು ಕೇಳಬಹುದು. ಕಾರಣವಿಷ್ಟೆ: ನಗರ ಹುಟ್ಟುವುದನ್ನೂ ಅಳಿಯುವುದನ್ನೂ ಬೆಳೆಯುವುದನ್ನೂ ಒಂದೇ ಜನ್ಮದಲ್ಲಿ ಕಂಡ ಜನರು ಈ ಮಗ್ಗುಲಲ್ಲಿರುವರು.

ಇದೇ ರಸ್ತೆಯಲ್ಲಿ ಮುಂದೆ ಹೋದರೆ ಮಲ್ಲೇಶ್ವರವೆಂಬ ಸ್ಥಳವುಂಟು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಸ್ಥಾಪಿತವಾದ ಮೇಲೆ ಅಲ್ಲಿ ಸಾಲುಮನೆಗಳು, ಶಾಲೆ, ಆಸ್ಪತ್ರೆ ಎಲ್ಲವೂ ಎದ್ದವು. ಅದಿರನ್ನು ಕೊಳ್ಳಬೇಕಾಗಿದ್ದುದು ಇರಾನ್ ದೇಶ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ಒಪ್ಪಂದ ಮುರಿದರೂ ಗಣಿ ನಿಲ್ಲಲಿಲ್ಲ. ಪುಡಿ ಮಾಡಿದ ಅದಿರು ನೀರಿನೊಡನೆ ಬೆರೆತು, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟವಿಳಿದು ಪಣಂಬೂರಿನ ಕಡಲತೀರವನ್ನು ಸೇರುತ್ತಿತ್ತು. ಇತ್ತ ಮಳೆಗಾಲದಲ್ಲಿ ಗಣಿಯ ಮಣ್ಣು ಭದ್ರೆಗೆ ಇಳಿದು ಹೊಳೆ ಕೆಂಪಾಗುತ್ತಿತ್ತು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2005ರ ಕೊನೆಗೆ ಗಣಿ ನಿಂತಿತು. ಕಾಡಿನ ಪಾಲಿಗೆ ಅದು ಒಳ್ಳೆಯದೇ ಆಯಿತೆಂದು ನಾನು ಬಲ್ಲೆ. ಆದರೆ ಒಂದೇ ಕಸುಬನ್ನು ನೆಚ್ಚಿ ನಿಂತ ಪಟ್ಟಣವು ಆ ಕಸುಬಿನೊಡನೆಯೇ ಬರಿದಾಯಿತು. ಇಂದು ಅಲ್ಲಿ ಬಾಗಿಲು ಮುಚ್ಚಿದ ಮನೆಗಳ ಮುಂದೆ ಹುಲ್ಲು ಎದ್ದಿದೆ.

ಬೆಂಗಳೂರಿನಲ್ಲಿಯೂ ಒಂದು ಮಲ್ಲೇಶ್ವರವಿರುವುದನ್ನು ಎಲ್ಲರೂ ಬಲ್ಲರು. 1898ರ ಪ್ಲೇಗಿಗೆ ಬೆದರಿ, ಇಕ್ಕಟ್ಟಾದ ಹಳೆಯ ಪೇಟೆಯನ್ನು ಬಿಟ್ಟು ಬಂದವರಿಂದ ಅದು ತುಂಬಿತು. ಆಗ ಅದು ಊರ ಹೊರಗು. ಈಗ ಊರ ನಡುವು! ಬೆಂಗಳೂರನ್ನು ಯಾವುದೋ ಒಂದು ಕಸುಬು ಸಾಕಲಿಲ್ಲ. ಬಟ್ಟೆಯ ಗಿರಣಿಗಳ ಬೆನ್ನಿಗೆ 1940ರಲ್ಲಿ ವಿಮಾನದ ಕಾರ್ಖಾನೆ, 1948ರಲ್ಲಿ ದೂರವಾಣಿಯದು, 1953ರಲ್ಲಿ ಯಂತ್ರೋಪಕರಣಗಳದು ಬಂದವು. ತರುವಾಯ ಸಿದ್ಧ ಉಡುಪು, ಕಂಪ್ಯೂಟರು. ಒಂದು ಕುಂದಿದರೆ ಮತ್ತೊಂದು ಕೈಹಿಡಿಯಿತು. ಆದುದರಿಂದಲೇ ಘಟ್ಟದ ಹುಡುಗರು ಆ ಕಡೆಗೆ ಮುಖಮಾಡಿರುವರು. ಆಫ್ರಿಕದ ಲಾಗೋಸ್ 1950ರಲ್ಲಿ ಮೂರು ಲಕ್ಷ ಚಿಲ್ಲರೆ ಜನರ ಊರಾಗಿದ್ದು ಈಗ ಕೋಟಿಯನ್ನು ದಾಟಿರುವುದೂ ಬಹುಮಟ್ಟಿಗೆ ಹೀಗೆ ಹಳ್ಳಿಯಿಂದ ಹೊರಟವರಿಂದಲೇ.

ಜನಗಣತಿಯ ಲೆಕ್ಕವು ಈ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳುವುದು. 2001ರಿಂದ 2011ರ ವರೆಗಿನ ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 65 ಲಕ್ಷದಿಂದ 96 ಲಕ್ಷಕ್ಕೆ ಏರಿತು. ಅದೇ ಅವಧಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905ರಿಂದ 11,37,961ಕ್ಕೆ ಇಳಿಯಿತು. ಬರಗಾಲವಿಲ್ಲ, ಯುದ್ಧವಿಲ್ಲ, ಹೊಳೆ ಹಳ್ಳ ತುಂಬಿ ಹರಿಯುವ ಸೀಮೆ. ಆದರೂ ಜನ ಕಡಿಮೆಯಾದರು.

ಹೋದವರಿಗೆ ಅಲ್ಲಿ ಸುಖವೇ ದೊರೆಯಿತೆನ್ನುವಂತಿಲ್ಲ. ಬೆಂಗಳೂರಿಗೆ ಕಾವೇರಿಯ ನೀರು 1974ರಿಂದ ಬರುತ್ತಿದೆ; ನೂರು ಕಿಲೋಮೀಟರು ದೂರದ ತೊರೆಕಾಡನಹಳ್ಳಿಯಿಂದ ಅದನ್ನು ಎತ್ತಿ ತರಬೇಕು. ಆ ನೀರು ನಗರದ ಹೊರವಲಯದ ಎಲ್ಲ ಮನೆಗಳಿಗೂ ಸಾಲದು. ಮಳೆಗಾಲವೆಲ್ಲ ಒದ್ದೆ ಬಟ್ಟೆಯನ್ನು ಒಲೆಯ ಮೇಲೆ ಒಣಗಿಸಿ ಬೆಳೆದ ಹೆಣ್ಣುಮಗಳು ಅಲ್ಲಿ ಚೈತ್ರಮಾಸದಲ್ಲಿ ನೀರಿನ ಟ್ಯಾಂಕರಿನ ಹಾದಿ ಕಾಯುವಳು. ಹಾಗೆಂದು ಅವಳನ್ನು ಊರಿಗೆ ಮರಳೆನ್ನಲು ನನಗೆ ಬಾಯಿ ಬಾರದು. ಕಳಸವೂ ಚಿಕ್ಕಮಗಳೂರೂ ಕೆಲಸವನ್ನೂ ವೈದ್ಯರನ್ನೂ ಕಾಲೇಜನ್ನೂ ಸಾಕಷ್ಟು ಒದಗಿಸುವಂತಾದರೆ ಅವಳು ಅಷ್ಟು ದೂರ ಹೋಗಬೇಕಾಗಿದ್ದಿಲ್ಲ. ಸರಕಾರದ ಗಮನವೂ ಹಣವೂ ಇಂತಹ ನಡುತರದ ಊರುಗಳ ಕಡೆಗೆ ಇನ್ನಾದರೂ ಹರಿಯಬೇಕು.

ಶನಿವಾರ ಬೆಳಗ್ಗೆ ಸಂಸೆಗೆ ಎದುರುಹರಿವು ಬರುವುದು. ರಾತ್ರಿಯ ಬಸ್ಸಿಳಿದ ಬೆಂಗಳೂರಿನ ತರುಣರು, ಬೆನ್ನಿಗೆ ಚೀಲ ಕಟ್ಟಿಕೊಂಡು, ಶಿಖರವೇರಲು ಜೀಪು ಹತ್ತುವರು. ಕಾಫಿಯ ಹಣ್ಣು ಕೊಯ್ಯುವ ಕಾಲದಲ್ಲಿ ಈ ಗುಡ್ಡಗಳ ತೋಟಗಳಿಗೆ ಅಸ್ಸಾಮಿನ ಆಳುಗಳೂ ಬಂದಿಳಿಯುವರು. ಇಲ್ಲಿಯ ಮಕ್ಕಳು ಬಿಟ್ಟುಹೋದ ಕೆಲಸಕ್ಕೆ ಯಾರದೋ ಮಕ್ಕಳು.

ಬೆಂಗಳೂರನ್ನು ಒಮ್ಮೆಯೂ ನೋಡಿರದ ವೃದ್ಧರೊಬ್ಬರು ದಾರಿಬದಿಯಲ್ಲಿ ನನ್ನನ್ನು ಮಾತನಾಡಿಸಿ, ಪೀಣ್ಯ, ಲಗ್ಗೆರೆ, ಸುಂಕದಕಟ್ಟೆ ಎಂದು ಅಲ್ಲಿಯ ಬಡಾವಣೆಗಳನ್ನು ನೆರೆಯ ಹಳ್ಳಿಗಳಂತೆ ಹೆಸರಿಸಿದರು. ಇಬ್ಬರು ಮಕ್ಕಳೂ ಅಲ್ಲಿಯೇ. “ಒಂದು ಕೋಣೆಗೆ ಬಾಡಿಗೆ ಕಟ್ಟಿ ಸಾಕಾಗ್ತದಂತೆ ಮಾರಾಯ್ರೆ, ಅವರಿಗೆ. ಇಲ್ಲಿ ಎಂಟು ಅಂಕಣದ ಮನೆ. ನಾನು, ನನ್ನ ಹೆಂಡತಿ, ಒಂದು ನಾಯಿ” ಎಂದರು.